ಪೊಲ್ಲಿಲೂರು ಕದನ ಊಟದ ಮೇಜಿನ ಮೇಲೆ

ಪ್ರಶ್ನೆ: ಸರ್, ನಾವು ನಾಲ್ಕು ಜನ ಗೆಳೆಯರು ಎರಡು ವರ್ಷದಿಂದ ಪುಟಾಣಿ ಸೈನಿಕರನ್ನಿಟ್ಟು ವಾರ್‌ಗೇಮ್ ಆಡುತ್ತಿದ್ದೇವೆ. ಈವರೆಗೆ ಆಡಿದ್ದೆಲ್ಲ ಸಣ್ಣ ಸಣ್ಣ ಕಾಳಗಗಳು. ಹೋದ ತಿಂಗಳು ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ಪೊಲ್ಲಿಲೂರು ಯುದ್ಧದ ಚಿತ್ರ ನೋಡಿ ಬಂದ ಮೇಲೆ ಅದನ್ನೇ ಆಡಬೇಕು ಅಂತ ಆಸೆಯಾಗಿದೆ. ನಮ್ಮಲ್ಲಿರುವುದು ಆರಡಿ ಉದ್ದ, ನಾಲ್ಕಡಿ ಅಗಲದ ಊಟದ ಮೇಜು. 15 ಮಿ.ಮೀ. ಗೊಂಬೆಗಳು ಸುಮಾರು 250 ಇವೆ. ಹೈದರ್ ಅಲಿಯ ಅಷ್ಟು ದೊಡ್ಡ ಸೈನ್ಯವನ್ನು ಎಲ್ಲಿಂದ ತರುವುದು? ಒಂದು ಸಲ ಸುಮ್ನೆ ಆಡಿ ನೋಡಿದೆವು. ಇಂಗ್ಲಿಷರ ಕರ್ನಲ್ ಬೇಯ್ಲಿಯಾಗಿ ಆಡಿದವನು ಅರ್ಧ ಗಂಟೆಯಲ್ಲಿ ಸೋತು ಎದ್ದು ಹೋದ. ಯಾರು ಸೋಲುತ್ತಾರೆ ಅಂತ ಮೊದಲೇ ಗೊತ್ತಿರುವ ಯುದ್ಧವನ್ನು ಆಡುವ ಹಾಗೆ ಮಾಡುವುದು ಹೇಗೆ?
— ಓದುಗರು, ಕುಂಜಿಬೆಟ್ಟು, ಉಡುಪಿ

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಮೇಜು ಎಷ್ಟು ದೊಡ್ಡದು, ಗೊಂಬೆ ಎಷ್ಟು ಅನ್ನುವುದೆಲ್ಲ ಆಮೇಲೆ.

ಬೇಯ್ಲಿ ಸೋಲುತ್ತಾನೆ ಅಂತ ಗೊತ್ತಿರುವುದು ನಮಗೆ. 1780ರ ಸೆಪ್ಟೆಂಬರ್ 10ರ ಬೆಳಿಗ್ಗೆ ಅದು ಅವನಿಗೂ ಗೊತ್ತಿರಲಿಲ್ಲ, ಹೈದರನಿಗೂ ಗೊತ್ತಿರಲಿಲ್ಲ. ಪೊಲ್ಲಿಲೂರಿನಿಂದ ಹೆಚ್ಚುಕಡಿಮೆ 15 ಕಿ.ಮೀ. ದೂರದ ಕಾಂಚೀಪುರದಲ್ಲಿ ಹೆಕ್ಟರ್ ಮನ್ರೋ ಇಂಗ್ಲಿಷರ ಇನ್ನೊಂದು ಸೈನ್ಯದ ಜೊತೆ ಇದ್ದ. 1764ರಲ್ಲಿ ಬಕ್ಸರ್ ಯುದ್ಧ ಗೆದ್ದವನು ಅವನೇ. ಅವನು ಬಂದರೆ ಹೈದರ್ ಎರಡು ಸೈನ್ಯಗಳ ನಡುವೆ ಸಿಕ್ಕಿಬೀಳುತ್ತಾನೆ. ಬರದಿದ್ದರೆ ಬೇಯ್ಲಿಯ ಕತೆ ಮುಗಿಯಿತು. ಮನ್ರೋ ಬರುತ್ತಾನಾ, ಇಲ್ವಾ? ಆ ಬೆಳಿಗ್ಗೆಯನ್ನೆಲ್ಲ ಹಿಡಿದಿಟ್ಟ ಪ್ರಶ್ನೆ ಇದು. ನಿಮ್ಮ ಆಟದಲ್ಲಿ ಅದು ಇರಲಿಲ್ಲ. ಅದಕ್ಕೇ ನಿಮ್ಮ ಗೆಳೆಯ ಎದ್ದು ಹೋದದ್ದು.

ನಾನೂ ಮೊದಲ ಸಲ ಇದೇ ತಪ್ಪು ಮಾಡಿದ್ದೆ. ಬೋಳೂರಿನ ನಮ್ಮ ಮನೆಯಲ್ಲಿ ಎರಡು ಮೇಜು ಜೋಡಿಸಿ, ಇದ್ದಬದ್ದ ಗೊಂಬೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿದೆ. ನೋಡುವುದಕ್ಕೆ ತುಂಬಾ ಚೆಂದ ಇತ್ತು. ಸಂಜೆ ಐದಕ್ಕೆ ಶುರು ಮಾಡಿದ ಆಟ ರಾತ್ರಿ ಒಂಬತ್ತೂವರೆಯಾದರೂ ಮೂರನೇ ಸರದಿಯಲ್ಲೇ ಇತ್ತು. ಬೇಯ್ಲಿ ಆಗಿದ್ದವನು ನನ್ನ ಅಕ್ಕನ ಮಗ. ದಾಳ ಉರುಳಿಸುವುದು, ಸತ್ತ ಗೊಂಬೆ ಎತ್ತಿಡುವುದು, ಇಷ್ಟು ಬಿಟ್ಟರೆ ಅವನಿಗೆ ಕೆಲಸವೇ ಇರಲಿಲ್ಲ. ಕೊನೆಗೆ ಕೇಳಿದ: "ಮಾಮಾ, ನಾನು ಎಲ್ಲಿ ಬೇರೆ ತರ ಮಾಡ್ಬಹುದಿತ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗಲೇ ಈ ಯುದ್ಧವನ್ನು ಆಟವಾಗಿಸುವುದು ಹೇಗೆ ಅಂತ ನನಗೆ ತಿಳಿದದ್ದು. ಹಾಗಾಗಿ ಮೊದಲು ಪುಸ್ತಕ ತೆಗೆದು, ಇಬ್ಬರು ಸೇನಾಪತಿಗಳೂ ಎಲ್ಲೆಲ್ಲಿ ನಿಂತು ತೀರ್ಮಾನ ತೆಗೆದುಕೊಳ್ಳಬೇಕಾಯಿತು ಅನ್ನುವುದನ್ನು ಬರೆದಿಟ್ಟುಕೊಳ್ಳಿ.

ಬೇಯ್ಲಿಯ ವಿಷಯದಲ್ಲಿ ಇದು ಸುಲಭ. ಅವನು ಗುಂಟೂರಿನ ಕಡೆಯಿಂದ ಮನ್ರೋನನ್ನು ಸೇರಲು ಬರುತ್ತಿದ್ದ. ಆಗಸ್ಟ್ 25ರಂದು ಕೊರ್ತಲೈಯಾರ್ ಹೊಳೆ ಮುಟ್ಟಿದಾಗ ಅದರಲ್ಲಿ ಹೆಚ್ಚು ನೀರಿರಲಿಲ್ಲ. ಆದರೂ ದಾಟದೆ ಈಚೆ ದಡದಲ್ಲೇ ಡೇರೆ ಹಾಕಿದ. ರಾತ್ರಿ ಹೊಳೆ ಬಂತು. ಮತ್ತೆ ದಾಟಲು ಸೆಪ್ಟೆಂಬರ್ ಬರಬೇಕಾಯಿತು. ಸ್ವರ್ಣಾ, ಸೀತಾ ಹೊಳೆ ನೋಡಿಕೊಂಡು ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 6ರಂದು ಪೆರಂಬಾಕ್ಕಂ ಹತ್ತಿರ ಟಿಪ್ಪು ಅವನನ್ನು ತಡೆದ. ಮನ್ರೋ ತಾನು ಬರುವ ಬದಲು ಕರ್ನಲ್ ಫ್ಲೆಚರ್ ಜೊತೆ ಸುಮಾರು 1,000 ಜನರನ್ನು ಕಳಿಸಿದ. ಅವರನ್ನು ಸೇರಿಸಿಕೊಂಡು 9ರ ರಾತ್ರಿ ಬೇಯ್ಲಿ ಹೊರಟ. ಹೊರಟವನು ದಾರಿಯಲ್ಲೇ ನಿಂತ. ಬೆಳಗಾಗುವಷ್ಟರಲ್ಲಿ ಹೈದರ್ ದೊಡ್ಡ ಸೈನ್ಯದೊಂದಿಗೆ ಬಂದು ಸೇರಿಕೊಂಡಿದ್ದ.

ಆಟ ಇಲ್ಲಿಂದ ಶುರುವಾಗಲಿ. ಹೊಳೆಯಿಂದ ಶುರು ಮಾಡಿದರೆ ಎರಡು ವಾರದ ಕತೆ, ಒಂದು ಸಂಜೆಗೆ ಮುಗಿಯುವುದಿಲ್ಲ. ಗೊಂಬೆ ಇಡುವ ಮೊದಲೇ ಬೇಯ್ಲಿ ಆಡುವವನಿಗೆ ಒಂದು ಚೀಟಿ ಕೊಡಿ: ರಾತ್ರಿ ನಿಲ್ಲುತ್ತೀಯಾ, ನಡೆಯುತ್ತೀಯಾ? ನಿಂತರೆ ಅವನ ಸಾಲುಗಳು ನೆಟ್ಟಗಿರುತ್ತವೆ, ಆದರೆ ಮೇಜಿನ ಉತ್ತರದ ಅಂಚಿನಿಂದ ಹೊರಡಬೇಕು. ನಡೆದರೆ 40 ಸೆಂ.ಮೀ. ಮುಂದಿನಿಂದ ಶುರು, ಆದರೆ ಪ್ರತಿ ತುಕಡಿಗೂ ದಾಳ ಹಾಕಬೇಕು. 1 ಅಥವಾ 2 ಬಿದ್ದರೆ ಅದು ಕತ್ತಲೆಯಲ್ಲಿ ಚದುರಿದೆ ಅಂತ ಲೆಕ್ಕ. ಅಕ್ಕನ ಮಗನಿಗೆ ನಾನು ಕೊಡದೆ ಹೋದ ತೀರ್ಮಾನ ಇದೇ.

ಇನ್ನು ಮನ್ರೋ. ಇದಕ್ಕೆ ಒಬ್ಬ ಅಂಪೈರ್ ಬೇಕೇ ಬೇಕು. ನೀವು ನಾಲ್ಕು ಜನ ಇದ್ದೀರಲ್ಲ, ಒಬ್ಬರು ಆಡದೆ ಕೂರಲಿ. 1824ರಲ್ಲಿ ಪ್ರಷ್ಯಾದಲ್ಲಿ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ ಅಧಿಕಾರಿಗಳ ತರಬೇತಿಗೆ ಮಾಡಿಕೊಟ್ಟ ನಕ್ಷೆಯ ಯುದ್ಧದಾಟದಲ್ಲೂ ಅಂಪೈರ್‌ನೇ ಮುಖ್ಯ. ಯಾರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಅನ್ನುವುದು ಅವನ ಕೈಯಲ್ಲಿತ್ತು. ನಾನು ಮಾಡುವುದು ಹೀಗೆ: ಒಂದು ಬಟ್ಟೆ ಚೀಲ. ನಮ್ಮ ಅಜ್ಜಿಯ ಚೆನ್ನೆಮಣೆಯ ಕೆಂಪು ಕಾಳು ಎಂಟು, ಅದೇ ಗಾತ್ರದ ಕಪ್ಪು ಕಾಳು ಎರಡು. ಒಂದು ಕೆಂಪು ಕಾಳಿಗೆ ಮಾತ್ರ ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದೇನೆ. ಹತ್ತು ಸರದಿಯ ಆಟದಲ್ಲಿ ಮೂರರಿಂದ ಎಂಟನೆಯ ಸರದಿವರೆಗೆ ಅಂಪೈರ್ ಸರದಿಗೊಂದು ಕಾಳು ತೆಗೆದು, ತಾನೊಬ್ಬನೇ ನೋಡಿ, ಜೇಬಿಗೆ ಹಾಕಿಕೊಳ್ಳಬೇಕು. ಮೊದಲ ಕಪ್ಪು ಕಾಳು ಬಂದಾಗ "ದಕ್ಷಿಣದಲ್ಲಿ ಧೂಳು ಕಾಣುತ್ತಿದೆ" ಅನ್ನಬೇಕು. ಎರಡನೆಯ ಕಪ್ಪು ಬಂದರೆ ಮನ್ರೋ ಮುಂದಿನ ಸರದಿಗೆ ದಕ್ಷಿಣದ ಅಂಚಿನಿಂದ ಒಳಗೆ. ಚುಕ್ಕೆಯ ಕೆಂಪು ಕಾಳು ಬಂದರೂ ಅಂಪೈರ್ ಹೇಳುವುದು ಅದೇ ಧೂಳಿನ ಮಾತು, ಅದೇ ದನಿಯಲ್ಲಿ.

ಲೆಕ್ಕ ಹಾಕಿದ್ದೇನೆ. ಹತ್ತರಲ್ಲಿ ಆರು ಕಾಳು ತೆಗೆದಾಗ ಎರಡೂ ಕಪ್ಪು ಬರುವುದು ಮೂರು ಆಟಕ್ಕೆ ಒಂದು ಸಲ. ನಿಜವಾದ ಮನ್ರೋ ಸಮಯಕ್ಕೆ ಬರಲಿಲ್ಲ. ತನ್ನ ಭಾರದ ಫಿರಂಗಿಗಳನ್ನು ಕಾಂಚೀಪುರದ ಕೆರೆಗೆ ಹಾಕಿ ಮದ್ರಾಸಿಗೆ ಹಿಂದಿರುಗಿದ. ಆದರೆ ಬರಬಹುದಾಗಿತ್ತು, ಅದನ್ನು ಆಟ ಮರೆಯಬಾರದು. ಇದರ ಚೆಂದ ನಿಜಕ್ಕೂ ಕಾಣುವುದು ಹೈದರನ ಕಡೆ ಕೂತಾಗ. ಧೂಳಿನ ಮಾತು ಕಿವಿಗೆ ಬಿದ್ದ ಕೂಡಲೇ ಅವನು ಕೆಲವು ತುಕಡಿಗಳನ್ನು ತಿರುಗಿಸಿ ದಕ್ಷಿಣದ ದಾರಿ ಕಾಯಲು ಕಳಿಸಬೇಕೋ ಬೇಡವೋ ಅಂತ ಒದ್ದಾಡುತ್ತಾನೆ. ಕಳಿಸಿದಷ್ಟೂ ಬೇಯ್ಲಿಗೆ ಉಸಿರು.

ಈಗ ನಿಮ್ಮ ಮೇಜು. ಆರು ನಾಲ್ಕಡಿ ಅಂದರೆ 180 ಸೆಂ.ಮೀ. ಉದ್ದ, 120 ಅಗಲ. ಒಂದು ಸೆಂ.ಮೀ.ಗೆ 20 ಮೀಟರ್ ಇಟ್ಟುಕೊಳ್ಳಿ. ಆಗ 3.6 ಕಿ.ಮೀ. ಉದ್ದ, 2.4 ಕಿ.ಮೀ. ಅಗಲದ ನೆಲ ಸಿಗುತ್ತದೆ, ಧಾರಾಳ ಸಾಕು. ಕಾಂಚೀಪುರವನ್ನೂ ಇಡಲು ಹೋದರೆ ಇನ್ನೂ ಏಳು ಮೀಟರ್ ಬೇಕು. ನಿಮ್ಮ ಹಾಲ್ ದಾಟಿ ಅಂಗಳಕ್ಕೆ ಇಳಿಯಬೇಕಾದೀತು. ಅದು ಚೀಲದಲ್ಲೇ ಇರಲಿ. ಸರದಿಗೆ 20 ನಿಮಿಷ. ದಾರಿಯಲ್ಲಿ ನಡೆಯುವ ಕಾಲಾಳು 30 ಸೆಂ.ಮೀ., ಹೋರಾಡುತ್ತಾ ಸಾಗಿದರೆ 15. ಕೋವಿಯ ಗುಂಡು 5 ಸೆಂ.ಮೀ. ದಾಟಬಾರದು. ಅದು ತೀರಾ ಕಡಿಮೆ ಅಂತ ಅನಿಸುತ್ತದೆ, ಆದರೆ 100 ಮೀಟರ್ ಆಚೆ ಆ ಕಾಲದ ಕೋವಿಯಿಂದ ಗುರಿ ಹಿಡಿದು ಹೊಡೆಯುವುದು ಕಷ್ಟ. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗೆ 50 ಸೆಂ.ಮೀ. ಕೊಡಿ. ಅದರ ದಿಕ್ಕು ಮಾತ್ರ ದಾಳದ ಮೇಲೆ ಬಿಡಿ.

ಗೊಂಬೆಗಳ ಚಿಂತೆ ಬೇಡ, ನಿಮ್ಮ 250 ಸಾಕು. 5 ಸೆಂ.ಮೀ. ಅಗಲದ ಒಂದು ಬೇಸ್, ಅದರ ಮೇಲೆ ಆರು ಕಾಲಾಳು, ಅಂದರೆ 400 ಜನ. ಮೂರು ಸಾಲಾಗಿ ನಿಂತ 400 ಜನರಿಗೆ 100 ಮೀಟರ್ ಜಾಗ ಸರಿಹೋಗುತ್ತದೆ. ಬೇಯ್ಲಿಯ ಹತ್ತಿರ ಫ್ಲೆಚರ್‌ನವರನ್ನೂ ಸೇರಿಸಿ 3,800ರಷ್ಟು ಜನ, ಹಾಗಾಗಿ ಒಂಬತ್ತು ಬೇಸ್ ಮತ್ತು ಫಿರಂಗಿಗಳು. ಮೈಸೂರಿಗೆ ಹನ್ನೆರಡು ಬೇಸ್ ಕಾಲಾಳು, ಹದಿನಾಲ್ಕು ಬೇಸ್ ಕುದುರೆ (ಬೇಸಿಗೆ ಮೂರು ಸವಾರರು), ಫಿರಂಗಿ, ರಾಕೆಟ್. ಉಳಿದ ಗೊಂಬೆಗಳು ಮನ್ರೋಗೆ. ಹೈದರನ ಸೈನ್ಯ ಇದಕ್ಕಿಂತ ಎಷ್ಟೋ ದೊಡ್ಡದು ಅಲ್ವಾ, ಅದನ್ನು ತೋರಿಸುವುದು ಹೀಗೆ: ಚದುರಿದ ಕುದುರೆ ಬೇಸನ್ನು ಸತ್ತಿತು ಅಂತ ಎತ್ತಿಡಬೇಡಿ. ಎರಡು ಸರದಿ ಪಕ್ಕಕ್ಕಿಟ್ಟು, ಬೇರೆ ಯಾವುದಾದರೂ ಅಂಚಿನಿಂದ ಹೊಸ ದಂಡು ಅಂತ ಒಳಗೆ ಬಿಡಿ. ಹೊಡೆದಷ್ಟೂ ಬರುತ್ತಲೇ ಇರುತ್ತಾರಲ್ಲ ಅಂತ ಬೇಯ್ಲಿ ಆಡುವವನಿಗೆ ಅನಿಸಬೇಕು. ಎಣಿಸಿ ಇಟ್ಟ ಸಾವಿರ ಗೊಂಬೆಗಳಿಗಿಂತ ಇದೇ ಜಾಸ್ತಿ ಕೆಲಸ ಮಾಡುತ್ತದೆ.

ಮದ್ದಿನ ಬಂಡಿಗಳನ್ನು ಮಾತ್ರ ಮರೆಯಬೇಡಿ. ಆ ದಿನ ಬೇಯ್ಲಿಯ ಮದ್ದಿನ ಬಂಡಿಗಳು ಸಿಡಿದವು, ಅಲ್ಲಿಗೆ ಅವನ ಫಿರಂಗಿಗಳ ಸದ್ದೂ ಅಡಗುತ್ತಾ ಬಂತು. ನೀವು ನೋಡಿ ಬಂದ ಚಿತ್ರದಲ್ಲೂ ಆ ಸ್ಫೋಟ ಇದೆ. ನಾನು ಎರಡು ಬಂಡಿ ಮಾಡಿಕೊಂಡಿದ್ದೇನೆ: ಬೆಂಕಿಪೆಟ್ಟಿಗೆಯ ಒಳಡಬ್ಬಿಯನ್ನು ಅರ್ಧಕ್ಕೆ ಕತ್ತರಿಸಿ, ಅಂಗಿಯ ಗುಂಡಿಗಳನ್ನು ಚಕ್ರ ಮಾಡಿ, ಮೇಲೆ ಗೋಣಿಯ ಚೂರು ಹೊದಿಸಿದ್ದು. ಗೋಣಿಯ ಕೆಳಗೆ ಇದ್ದಿಲ ಪುಡಿ ಹಚ್ಚಿದ ಹತ್ತಿಯ ಉಂಡೆ ಮಡಚಿಟ್ಟಿರುತ್ತೇನೆ. ಬಂಡಿಯ 10 ಸೆಂ.ಮೀ. ಒಳಗೆ ಗುಂಡೋ ರಾಕೆಟ್ಟೋ ಬಿದ್ದು ದಾಳದಲ್ಲಿ 6 ಬಂದರೆ ಗೋಣಿ ಸರಿಸಿ ಹತ್ತಿಯನ್ನು ಬಿಡಿಸಿ ಮೇಲಕ್ಕೆಳೆಯಬೇಕು. ಅಲ್ಲಿಂದ ಬೇಯ್ಲಿಯ ಫಿರಂಗಿಗಳಿಗೆ ಮೊದಲಿನ ಅರ್ಧದಷ್ಟೇ ದಾಳ, ಎರಡನೆಯ ಬಂಡಿಯೂ ಹೋದರೆ ಏನೂ ಇಲ್ಲ. ಬಂಡಿಗಳನ್ನು ಸಿಪಾಯಿಗಳು ಕಟ್ಟಿ ನಿಂತ ಚೌಕದ ನಡುವೆ ಬಚ್ಚಿಡಬೇಕೋ, ಫಿರಂಗಿಯ ಹತ್ತಿರ ಇಡಬೇಕೋ ಅನ್ನುವುದು ಆಡುವವನಿಗೇ ಬಿಟ್ಟದ್ದು. ಅಕ್ಕನ ಮಗ ಎರಡನೆಯ ಸಲ ಬೇಯ್ಲಿ ಆದಾಗ ಎರಡು ಬಂಡಿಯನ್ನೂ ದೂರ ದೂರ ಇಟ್ಟ. ಒಂದು ಸಿಡಿಯಿತು, ಇನ್ನೊಂದು ಒಂಬತ್ತನೆಯ ಸರದಿವರೆಗೂ ಉಳಿಯಿತು. ಆ ರಾತ್ರಿ ಅವನು ಊಟಕ್ಕೂ ಏಳಲಿಲ್ಲ.

ಗೆಲುವನ್ನು ಚರಿತ್ರೆಯ ಪಕ್ಕ ಇಟ್ಟು ಅಳೆಯಿರಿ. ನಿಜದಲ್ಲಿ ಬೇಯ್ಲಿಯ ಸೈನ್ಯ ಪೂರ್ತಿ ಹೋಯಿತು. ಅವನು ಸೆರೆಯಾಗಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ಸತ್ತ. ಹಾಗಾಗಿ ಹತ್ತನೆಯ ಸರದಿಯ ಕೊನೆಗೆ ಅವನ ನಾಲ್ಕು ಬೇಸ್ ಚದುರದೆ ನಿಂತಿದ್ದರೆ, ಅಥವಾ ಮೂರು ಬೇಸ್ ದಕ್ಷಿಣದ ಅಂಚು ದಾಟಿದರೆ, ಅದು ಬೇಯ್ಲಿಯ ಗೆಲುವು. ಮೈಸೂರಿಗೆ ಪೂರ್ತಿ ಅಂಕ ಬೇಕಾದರೆ ಏಳನೆಯ ಸರದಿಯೊಳಗೆ ಮುಗಿಸಬೇಕು. ಎರಡು ಸಲ ಆಡಿ, ಎರಡನೆಯ ಸಲ ಕಡೆ ಬದಲಿಸಿ.

ದರಿಯಾ ದೌಲತ್‌ನ ಚಿತ್ರದ ಬಗ್ಗೆ ಒಂದು ಮಾತು. ಅದು ಗೆದ್ದವರು ಬರೆಸಿದ್ದು, ನಕ್ಷೆಯಲ್ಲ. ಚೌಕ ಕಟ್ಟಿ ನಿಂತ ಸಿಪಾಯಿಗಳು, ಪಲ್ಲಕ್ಕಿಯಲ್ಲಿ ಕೂತ ಬೇಯ್ಲಿ, ಇವನ್ನೆಲ್ಲ ಅಲ್ಲಿಂದ ತೆಗೆದುಕೊಳ್ಳಿ. ದೂರ, ದಿಕ್ಕು ಅಲ್ಲಿಂದ ಬೇಡ. ಬಣ್ಣವನ್ನೂ ಪೂರ್ತಿ ನಂಬಬೇಡಿ, ಆ ಗೋಡೆಯನ್ನು ಮತ್ತೆ ಮತ್ತೆ ತಿದ್ದಿ ಬಳಿದಿದ್ದಾರೆ.

ಇನ್ನು ಕರಾವಳಿಯ ಗೋಳು ನಿಮಗೂ ಗೊತ್ತಿರುವುದೇ. ಜೋರು ಮಳೆಯ ಆಟಿ ತಿಂಗಳಲ್ಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಲೇಪ) ಹೊಡೆಯಬೇಡಿ, ಗೊಂಬೆಯ ಮೇಲೆ ಬಿಳಿ ಮಂಜು ಕೂತುಬಿಡುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಸ್ ಮಳೆಗೆ ಉಬ್ಬುತ್ತದೆ, ಪ್ಲಾಸ್ಟಿಕ್ ಒಳ್ಳೆಯದು. ಗದ್ದೆಯ ಬದುವಿಗೆ ಅಡಿಕೆ ಹಾಳೆ, ತೋಪಿನ ಮರಗಳಿಗೆ ತೆಂಗಿನ ನಾರು, ಕೆಮ್ಮಣ್ಣಿಗೆ ಒಡೆದ ಹಂಚಿನ ಪುಡಿ. ಹಾಳೆಯನ್ನು ಮಾತ್ರ ಒಂದು ವಾರ ಭಾರದ ಕೆಳಗಿಟ್ಟು ಆಮೇಲೆ ಕತ್ತರಿಸಿ, ಇಲ್ಲದಿದ್ದರೆ ಸುರುಳಿ ಸುತ್ತಿಕೊಳ್ಳುತ್ತದೆ.

ಪ್ರಶ್ನೆ: ಪೊಲ್ಲಿಲೂರು ಯಾಕೆ, ನಮ್ಮ ಮಂಗಳೂರು ಕೋಟೆಯ ಮುತ್ತಿಗೆಯನ್ನೇ ಇದೇ ತರ ಆಡಬಹುದಲ್ಲ?
— ಓದುಗರು, ಬೋಳಾರ, ಮಂಗಳೂರು

ಉತ್ತರ: ಆಡಬಹುದು, ಆದರೆ ಇದೇ ತರ ಅಲ್ಲ. 1783ರ ಮೇಯಲ್ಲಿ ಟಿಪ್ಪು ಮುತ್ತಿದ ಕೋಟೆಯನ್ನು ಇಂಗ್ಲಿಷರ ಮೇಜರ್ ಕ್ಯಾಂಪ್‌ಬೆಲ್ 1784ರ ಜನವರಿ 30ರವರೆಗೆ ಹಿಡಿದಿಟ್ಟುಕೊಂಡಿದ್ದ. ಮೂವತ್ತಕ್ಕೂ ಜಾಸ್ತಿ ವಾರ. ಅಲ್ಲಿಯ ಪ್ರಶ್ನೆ ಯಾರು ಬರುತ್ತಾರೆ ಅನ್ನುವುದಕ್ಕಿಂತ ಅಕ್ಕಿ ಎಷ್ಟು ದಿನಕ್ಕೆ ಸಾಕು ಅನ್ನುವುದು. ಗೊಂಬೆ ಬದಿಗಿಡಿ, ಒಂದು ಲೆಕ್ಕದ ಪುಸ್ತಕ ತನ್ನಿ. ಸರದಿಗೆ ಒಂದು ವಾರ. ಒಂದು ಕಡೆ ಕೋಟೆಯೊಳಗಿನ ಅಕ್ಕಿ, ಕಾಯಿಲೆಯವರು. ಇನ್ನೊಂದು ಕಡೆ ಟಿಪ್ಪುವಿನ ಕಂದಕ, ಫಿರಂಗಿ. ಜೂನ್, ಜುಲೈ ಪುಟಗಳಲ್ಲಿ ಕಂದಕ ಅರ್ಧ ವೇಗದಲ್ಲಿ ಸಾಗಲಿ. ಇಲ್ಲಿಯ ಮಳೆಯಲ್ಲಿ ಮಣ್ಣು ಅಗೆದವರಿಗೆ ಕಾರಣ ಹೇಳಬೇಕಿಲ್ಲ. ಆಗಸ್ಟ್ 2ರಂದು ಕದನವಿರಾಮ ಆಯಿತು, ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಹಿಂದೆ ಸರಿದರು. ಅಲ್ಲಿಂದ ಆಚೆಗೆ ಗುಂಡಿಲ್ಲ, ಹಸಿವು ಮಾತ್ರ. ಕೋಟೆಯೊಳಗೆ ಎಷ್ಟು ಆಹಾರ ಬಿಡಬೇಕು ಅಂತ ಇಬ್ಬರೂ ಆಟಗಾರರು ವಾರ ವಾರ ಚೀಟಿಯಲ್ಲಿ ಬರೆದು ಚೌಕಾಸಿ ಮಾಡಲಿ. ಮೇಜು, ಗೊಂಬೆ ಬೇಕಾಗುವುದು ಮೇ ತಿಂಗಳ ಮೊದಲ ಕಾಳಗಕ್ಕೆ, ಒಂದು ಸಂಜೆಗೆ. ಅದಕ್ಕೆ ನಿಮ್ಮ ಹತ್ತಿರ ಎಷ್ಟು ಗೊಂಬೆ ಇವೆ ಅಂತ ಬರೆಯಿರಿ, ಕೋಟೆಯ ಗೋಡೆಯ ಅಳತೆ ಜೊತೆಗೆ ಕಳಿಸುತ್ತೇನೆ.