ಜರ್ಮನಿಯಲ್ಲಿ ಹೊಟ್ಟೆ ಕೆಟ್ಟರೆ ಸರ್ಕಾರದವರು ಯಾಕೆ ಫೋನ್ ಮಾಡುತ್ತಾರೆ?

ನಿಮ್ಮ ತಂಗಿ ಜರ್ಮನಿಯಲ್ಲಿ ಓದುತ್ತಿದ್ದಾರೆ, ಭೇದಿ ಅಂತ ಡಾಕ್ಟರ್ ಹತ್ತಿರ ಹೋದರು, ಮಲ ಪರೀಕ್ಷೆ ಆಯಿತು. ಕೆಲವು ದಿನದ ಮೇಲೆ ಸರ್ಕಾರಿ ಆರೋಗ್ಯ ಕಚೇರಿಯಿಂದ ಫೋನ್ ಬಂತು, ಏನೇನು ತಿಂದಿರಿ ಅಂತ ಕೇಳಿದರು. ಇದರಿಂದ ವೀಸಾಗೆ ತೊಂದರೆ ಆಗುತ್ತಾ ಅನ್ನುವುದು ನಿಮ್ಮ ಪ್ರಶ್ನೆ.

ಆ ಫೋನಿಗೂ ವೀಸಾಗೂ ಸಂಬಂಧವಿಲ್ಲ. ನನಗೂ ಬಂದಿತ್ತು. ಇಲ್ಲಿಗೆ ಬಂದ ಎರಡನೇ ವರ್ಷ, ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾದಿಂದ ಐದು ದಿನ ಮಲಗಿದ್ದೆ. ಫೋನಿನಲ್ಲಿ ಒಬ್ಬ ಹೆಂಗಸು, ತುಂಬಾ ಸಮಾಧಾನವಾಗಿ, ಹೋದ ವಾರ ಕೋಳಿ ತಿಂದಿರಾ, ಹಸಿ ಹಾಲು ಕುಡಿದಿರಾ, ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೀರಾ ಅಂತ ಒಂದೊಂದೇ ಕೇಳಿದರು. ಅಪರಿಚಿತರ ಹತ್ತಿರ, ಅದೂ ನನ್ನ ಹರಕುಮುರುಕು ಜರ್ಮನ್‌ನಲ್ಲಿ, ಭೇದಿಯ ಬಗ್ಗೆ ಮಾತಾಡುವಷ್ಟು ಮುಜುಗರ ಇನ್ನೊಂದಿಲ್ಲ. ಕೋಳಿಯನ್ನು ಸಿಂಕಿನಲ್ಲಿ ನಲ್ಲಿ ಬಿಟ್ಟು ತೊಳೆದೆ ಅಂದೆ. ಊರಲ್ಲಿ ಎಲ್ಲರೂ ಹಾಗೇ ಮಾಡುವುದು, ಅಲ್ವಾ? ಆ ಕಡೆ ಒಂದು ಕ್ಷಣ ಸದ್ದಿಲ್ಲ. ತೊಳೆದ ನೀರು ಸಿಡಿದು ಪಕ್ಕದ ಸೌತೆಕಾಯಿ ಮೇಲೆ ಬಿದ್ದರೆ ಸಾಕಂತೆ. ಈಗ ತೊಳೆಯುವುದಿಲ್ಲ.

ಇದರ ಹಿಂದಿರುವ ಕಾನೂನು 2001ರಿಂದ ಜಾರಿಯಲ್ಲಿದೆ. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್, ಶಿಗೆಲ್ಲಾ, ಲಿಸ್ಟೀರಿಯಾ, ಈಹೆಕ್ ಅನ್ನುವ ಕೆಟ್ಟ ಈ. ಕೋಲಿ ಇಂಥ ಬ್ಯಾಕ್ಟೀರಿಯಾ ಸಿಕ್ಕರೆ ಲ್ಯಾಬ್‌ನವರು ಸ್ಥಳೀಯ ಆರೋಗ್ಯ ಕಚೇರಿಗೆ 24 ಗಂಟೆಯಲ್ಲಿ ತಿಳಿಸಬೇಕು. ಈ ಕಚೇರಿಗೆ ಗೆಸುಂಡ್‌ಹೈಟ್ಸಾಮ್ಟ್ ಅನ್ನುತ್ತಾರೆ. ಹೆಸರು, ವಿಳಾಸ ಅಲ್ಲಿಗೇ ನಿಲ್ಲುತ್ತದೆ. ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ಇಡೀ ದೇಶದ ಅಂಟುರೋಗಗಳ ಮೇಲೆ ಕಣ್ಣಿಡುವ ಬರ್ಲಿನ್‌ನ ರಾಬರ್ಟ್ ಕಾಖ್ ಸಂಸ್ಥೆಗೆ ಹೋಗುವಾಗ ನಿಮ್ಮ ತಂಗಿ ಹೆಸರಿಲ್ಲದ ಒಂದು ಸಾಲು ಅಷ್ಟೇ: ವಯಸ್ಸು, ಜಿಲ್ಲೆ, ರೋಗಾಣು, ತಾರೀಕು. ಕೊರೋನಾಕ್ಕೆ ಮುಂಚೆ ಕ್ಯಾಂಪಿಲೋಬ್ಯಾಕ್ಟರ್ ಒಂದೇ ವರ್ಷಕ್ಕೆ 60 ಸಾವಿರಕ್ಕೂ ಜಾಸ್ತಿ ಸಾಲುಗಳಾಗುತ್ತಿತ್ತು. ಆದರೂ ಇದು ಪೂರ್ತಿ ಲೆಕ್ಕವಲ್ಲ. ಆಮೇಲೆ ಎರಡು ಸಲ ನನಗೆ ಹೊಟ್ಟೆ ಕೆಟ್ಟಾಗ ಮಜ್ಜಿಗೆ ಕುಡಿದು ಸುಮ್ನೆ ಮಲಗಿದೆ. ಆ ಎರಡೂ ಯಾವ ಲೆಕ್ಕಕ್ಕೂ ಸೇರಿಲ್ಲ.

ಇಷ್ಟೆಲ್ಲ ಯಾಕೆ ಅಂತ ನನಗೆ ಅರ್ಥವಾಗಿದ್ದು 2011ರ ಕಥೆ ಓದಿದಾಗ. ನಮ್ಮ ಮೆಂತ್ಯ ಬರುವ ಕಥೆ ಅದು.

ಆ ವರ್ಷದ ಮೇ 19ರಂದು ಹ್ಯಾಂಬರ್ಗ್‌ನಿಂದ ಬರ್ಲಿನ್‌ಗೆ ಸುದ್ದಿ ಹೋಯಿತು: ಒಂದೇ ದಿನ ಮೂರು ಮಕ್ಕಳು ಕಿಡ್ನಿ ಕೈಕೊಟ್ಟು ಆಸ್ಪತ್ರೆ ಸೇರಿದ್ದಾರೆ. ಮಾರನೇ ದಿನವೇ ಆ ಸಂಸ್ಥೆಯ ತಂಡ ಅಲ್ಲಿತ್ತು. ಹೋಗಿ ನೋಡಿದರೆ ಮಕ್ಕಳಿಗಿಂತ ದೊಡ್ಡವರೇ ಜಾಸ್ತಿ, ಅದರಲ್ಲೂ ಹೆಂಗಸರು. ಈಹೆಕ್‌ನಿಂದ ಕಿಡ್ನಿ ಹೋಗುವುದು ಸಾಮಾನ್ಯವಾಗಿ ಚಿಕ್ಕ ಮಕ್ಕಳಿಗೆ, ಹಾಗಾಗಿ ಇದು ವಿಚಿತ್ರವಾಗಿತ್ತು. ಏನು ತಿಂದಿರಿ ಅಂತ ಕೇಳಿದರೆ ಟೊಮೆಟೊ, ಸೌತೆಕಾಯಿ, ಸಲಾಡ್ ಸೊಪ್ಪು ಅಂದರು. ಸ್ಪೇನಿನ ಸೌತೆಕಾಯಿಯಲ್ಲಿ ಈಹೆಕ್ ಸಿಕ್ಕಿದೆ ಅಂತ ಹ್ಯಾಂಬರ್ಗ್ ಆಡಳಿತ ಪ್ರಕಟಿಸಿಬಿಟ್ಟಿತು. ಸಿಕ್ಕಿದ್ದೇನೋ ನಿಜ, ಆದರೆ ಜನರನ್ನು ಮಲಗಿಸಿದ ತಳಿಯೇ ಬೇರೆ. ಅಷ್ಟರಲ್ಲಿ ಸ್ಪೇನಿನ ರೈತರ ಬೆಳೆ ಕೊಳೆಯುತ್ತಾ ಬಿತ್ತು. ಕೊನೆಗೆ ಯುರೋಪಿನ ತರಕಾರಿ ಬೆಳೆಗಾರರಿಗೆ 20 ಕೋಟಿ ಯೂರೋಗೂ ಜಾಸ್ತಿ ಪರಿಹಾರ ಕೊಡಬೇಕಾಯಿತು.

ಗಂಟು ಬಿಚ್ಚಿದ್ದು ಹೇಗೆ ಗೊತ್ತಾ? ನೆನಪನ್ನು ನಂಬುವುದು ಬಿಟ್ಟು ಹೋಟೆಲ್ ಬಿಲ್ ಹಿಡಿದರು. ಒಂದೇ ಹೋಟೆಲಿನಲ್ಲಿ ಉಂಡ ಹತ್ತು ಗುಂಪುಗಳನ್ನು ಹುಡುಕಿದರು. ಯಾರು ಏನು ಆರ್ಡರ್ ಮಾಡಿದರು ಅಂತ ನೋಡಿ, ಯಾವ ತಿಂಡಿಗೆ ಏನೇನು ಹಾಕುತ್ತೀರಿ ಅಂತ ಅಡುಗೆಯವನನ್ನೇ ಕೇಳಿದರು. ಕಾಯಿಲೆ ಬಿದ್ದ ಪ್ರತಿಯೊಬ್ಬರ ತಟ್ಟೆಯಲ್ಲೂ ಮೊಳಕೆ ಕಾಳು ಇತ್ತು. ಮೊಳಕೆ ಇದ್ದ ಊಟ ಮಾಡಿದವರಿಗೆ ಅಪಾಯ ಸುಮಾರು 14 ಪಟ್ಟು. ತಿಂದವರಿಗೆ ನೆನಪೇ ಇರಲಿಲ್ಲ. ಉಪ್ಪಿಟ್ಟಿನ ಮೇಲೆ ಉದುರಿಸಿದ ಕೊತ್ತಂಬರಿ ಸೊಪ್ಪನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಹೇಳಿ?

ಮೊಳಕೆ ಬರಿಸಿದ್ದು ಲೋವರ್ ಸ್ಯಾಕ್ಸನಿಯ ಒಂದು ಫಾರ್ಮ್. ಜೂನ್ ಕೊನೆಗೆ ಫ್ರಾನ್ಸಿನ ಬೋರ್ಡೋ ಪಕ್ಕದಲ್ಲೂ ಅದೇ ತಳಿ ಕಾಣಿಸಿತು, ಅಲ್ಲೂ ಮೊಳಕೆ. ಎರಡೂ ಕಡೆ ಲೆಕ್ಕಪತ್ರ ಹಿಂಬಾಲಿಸಿದಾಗ ಕೂಡಿದ್ದು ಈಜಿಪ್ಟ್‌ನಿಂದ ಬಂದ ಮೆಂತ್ಯ ಕಾಳಿನ ಒಂದು ಲಾಟ್‌ನಲ್ಲಿ. ಕಾಳಿನ ಮೇಲೆ ಆ ಬ್ಯಾಕ್ಟೀರಿಯಾ ಕೊನೆವರೆಗೂ ಸಿಗಲಿಲ್ಲ, ಕಾಗದಪತ್ರವೇ ಸಾಕ್ಷಿ. ಅಷ್ಟರಲ್ಲಿ ಜರ್ಮನಿಯಲ್ಲಿ 53 ಜನ ಸತ್ತಿದ್ದರು. 800ಕ್ಕೂ ಜಾಸ್ತಿ ಜನರ ಕಿಡ್ನಿಗೆ ಪೆಟ್ಟಾಗಿತ್ತು.

ಆಗ ಬಯಲಾದ ಇನ್ನೊಂದು ಹುಳುಕು: ಸ್ಥಳೀಯ ಕಚೇರಿಯಿಂದ ಬರ್ಲಿನ್‌ಗೆ ವರದಿ ಮುಟ್ಟಲು ಕಾನೂನೇ ಎರಡು ವಾರದವರೆಗೆ ಅವಕಾಶ ಕೊಟ್ಟಿತ್ತು. ಎರಡು ವಾರದಲ್ಲಿ ಎಷ್ಟು ಸಲಾಡ್ ಖಾಲಿಯಾಗುತ್ತದೆ! 2013ರಲ್ಲಿ ಕಾನೂನು ಬದಲಾಯಿತು. ಈಗ ಪ್ರತಿ ಹಂತದಲ್ಲೂ ಮಾರನೇ ಕೆಲಸದ ದಿನದೊಳಗೆ ಮುಂದೆ ಹೋಗಬೇಕು. ಬೇರೆ ಬೇರೆ ರೋಗಿಗಳಲ್ಲಿ ಸಿಕ್ಕ ರೋಗಾಣುವಿನ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಹೋಲಿಸುವುದೂ ಶುರುವಾಗಿದೆ. 2014ರಿಂದ ಅಲ್ಲೊಬ್ಬರು ಇಲ್ಲೊಬ್ಬರು ಅಂತ ಚದುರಿದ್ದ ಲಿಸ್ಟೀರಿಯಾ ರೋಗಿಗಳು ಒಂದೇ ಸರಣಿ ಅಂತ ಗೊತ್ತಾಗಿದ್ದು ಹಾಗೆಯೇ. ಆ ಸರಣಿಯ ಜಾಡು ಹೋಗಿ ಮುಟ್ಟಿದ ಹೆಸ್ಸೆ ರಾಜ್ಯದ ಒಂದು ಮಾಂಸದ ಕಾರ್ಖಾನೆ 2019ರಲ್ಲಿ ಬಾಗಿಲು ಹಾಕಿತು.

ನಮ್ಮಲ್ಲಿ ಇದೆಲ್ಲ ಇಲ್ಲ ಅಂತ ಬರೆದಿದ್ದೀರಿ. ಇದೆ. 2004ರಲ್ಲಿ ಶುರುವಾದ ಐಡಿಎಸ್‌ಪಿ ಅನ್ನುವ, ರೋಗಗಳ ಮೇಲೆ ಕಣ್ಣಿಡುವ ಸರ್ಕಾರಿ ಕಾರ್ಯಕ್ರಮ. ಹಳ್ಳಿಯ ಆರೋಗ್ಯ ಕಾರ್ಯಕರ್ತೆ, ಡಾಕ್ಟರ್, ಲ್ಯಾಬ್ ಮೂವರಿಗೂ ಬೇರೆ ಬೇರೆ ಫಾರ್ಮ್. 2018ರಲ್ಲಿ ಅದರ ಆನ್‌ಲೈನ್ ರೂಪ ಮೊದಲು ಬಂದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂದೇ ಊರಿನಲ್ಲಿ ಟ್ಯಾಂಕ್ ನೀರಿನಿಂದಲೋ ಜಾತ್ರೆ ಊಟದಿಂದಲೋ ಐವತ್ತು ಜನಕ್ಕೆ ವಾಂತಿ ಭೇದಿಯಾದರೆ ಕಾರ್ಯಕರ್ತೆಯ ಕಣ್ಣಿಗೇ ಬೀಳುತ್ತದೆ. ಮೆಂತ್ಯದ ಥರ ಹತ್ತು ಜಿಲ್ಲೆಗೆ ಒಬ್ಬೊಬ್ಬರಂತೆ ಚದುರಿದರೆ ಲಕ್ಷಣ ಎಣಿಸಿ ಪ್ರಯೋಜನವಿಲ್ಲ, ಮಲ ಪರೀಕ್ಷೆ ಬೇಕು. ನಾವೋ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ತಗೊಂಡು ಮುಗಿಸುತ್ತೇವೆ.

ತಂಗಿಗೆ ಹೆದರಬೇಡ ಅನ್ನಿ. ಹೋಟೆಲಿನಲ್ಲೋ ಕೆಫೆಯಲ್ಲೋ ಪಾರ್ಟ್‌ಟೈಮ್ ಕೆಲಸ ಇದ್ದರೆ ಮಾತ್ರ ಅದನ್ನು ಮುಚ್ಚಿಡದೆ ಹೇಳಲಿ, ಭೇದಿ ಇರುವಾಗ ಅಲ್ಲಿ ಆಹಾರ ಮುಟ್ಟುವ ಹಾಗಿಲ್ಲ. ಮತ್ತೆ ಫೋನ್ ಬಂದರೆ ಅಂಗಡಿ ಬಿಲ್ಲು, ಮೊಬೈಲಿನಲ್ಲಿರುವ ಊಟದ ಫೋಟೋ ನೋಡಿಕೊಂಡು ಉತ್ತರ ಕೊಡಲಿ. ಸ್ಯಾಂಡ್‌ವಿಚ್ ಒಳಗೆ ಏನಿತ್ತು ಅನ್ನುವುದೂ ಸೇರಿ.