ತೊಡೆಸಂದಿಯ ಕಲೆ: ಹುಳುಕಡ್ಡಿಯಲ್ಲದೆಯೂ ಇರಬಹುದು

ಪ್ರಶ್ನೆ: ತೊಡೆಸಂದಿಯಲ್ಲಿ ಕಂದು ಕಲೆ. ತುರಿಕೆ ಅಷ್ಟಾಗಿಲ್ಲ. ಹುಳುಕಡ್ಡಿಯೆಂದು ಟರ್ಬಿನಾಫಿನ್ ಮುಲಾಮು ಹಚ್ಚಿದರೂ ಹೋಗುತ್ತಿಲ್ಲ. ಏನು ಮಾಡಲಿ?
– ಓದುಗರು, ಮಲ್ಪೆ

ಉತ್ತರ: ಇದು ಎರಿತ್ರಾಸ್ಮಾ ಎಂಬ ಚರ್ಮದ ಸೋಂಕು ಇರಬಹುದು. ಕೊರಿನೆಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಹುಳುಕಡ್ಡಿ ಶಿಲೀಂಧ್ರದ (ಫಂಗಸ್) ಸೋಂಕು, ಟರ್ಬಿನಾಫಿನ್ ಅದಕ್ಕೆ ಮದ್ದು, ಬ್ಯಾಕ್ಟೀರಿಯಾಕ್ಕಲ್ಲ. ಹುಳುಕಡ್ಡಿಯಲ್ಲಿ ಅಂಚು ಉಬ್ಬಿ ಕೆಂಪಾಗಿ, ನಡುಭಾಗ ತಿಳಿಯಾಗುತ್ತದೆ, ತುರಿಕೆ ಜೋರು. ಎರಿತ್ರಾಸ್ಮಾದಲ್ಲಿ ಕಲೆಯಿಡೀ ಒಂದೇ ಬಣ್ಣ, ಮೇಲೆ ಸಣ್ಣ ಹೊಟ್ಟು.

ಕಣ್ಣಳತೆ ಸಾಲದು. ಎರಿತ್ರಾಸ್ಮಾ ಆಗಿದ್ದರೆ, ಚರ್ಮವೈದ್ಯರು ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ (ನೇರಳಾತೀತ ಬೆಳಕಿನ ದೀಪ) ಹಿಡಿದಾಗ ಕಲೆ ಹವಳಗೆಂಪಾಗಿ ಹೊಳೆಯುತ್ತದೆ. ಆ ಬಣ್ಣ ಬ್ಯಾಕ್ಟೀರಿಯಾ ತಯಾರಿಸುವ ಪಾರ್ಫಿರಿನ್ ಎಂಬ ವಸ್ತುವಿನದು, ಅದು ನೀರಿಗೆ ತೊಳೆದುಹೋಗುತ್ತದೆ. ಆದ್ದರಿಂದ ಪರೀಕ್ಷೆಗೆ ಹೋಗುವ ಮುಂಚೆ ಆ ಜಾಗ ತೊಳೆಯಬೇಡಿ, ಮುಲಾಮೂ ಬೇಡ. ಹೊಟ್ಟು ಕೆರೆದು, ಶಿಲೀಂಧ್ರ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಒಎಚ್ ಪರೀಕ್ಷೆಯನ್ನೂ ಮಾಡಿಸಿ. ಎರಡೂ ಸೋಂಕು ಒಟ್ಟಿಗೇ ಇರುವುದುಂಟು, ಕಾಲ್ಬೆರಳ ಸಂದಿಯಲ್ಲಂತೂ ಹೆಚ್ಚು.

ಸಾಮಾನ್ಯವಾಗಿ ಶೇ 1ರ ಕ್ಲಿಂಡಮೈಸಿನ್ ಅಥವಾ ಶೇ 2ರ ಫ್ಯೂಸಿಡಿಕ್ ಆಸಿಡ್ ಮುಲಾಮನ್ನು ದಿನಕ್ಕೆರಡು ಸಲದಂತೆ ಸುಮಾರು 2 ವಾರ ಬರೆದುಕೊಡುತ್ತಾರೆ. ಹರಡಿದ್ದರೆ ಮಾತ್ರೆ, ಅದನ್ನು ವೈದ್ಯರೇ ನಿರ್ಧರಿಸಲಿ.

ಸ್ಟಿರಾಯ್ಡ್ ಬೆರೆತ ಮುಲಾಮನ್ನು ಮೆಡಿಕಲ್‌ನಿಂದ ತಂದು ದಯವಿಟ್ಟು ಹಚ್ಚಬೇಡಿ. ಕೆಂಪು ಇಳಿದಂತೆ ಕಂಡರೂ ಸೋಂಕು ಉಳಿಯುತ್ತದೆ, ಚರ್ಮ ತೆಳುವಾಗಿ ಬಿರುಕುಗೆರೆ ಬೀಳುತ್ತದೆ.

ಕರಾವಳಿಯ ಸೆಕೆ, ಬೆವರು ಈ ಬ್ಯಾಕ್ಟೀರಿಯಾಕ್ಕೆ ಅನುಕೂಲ. ಸ್ನಾನದ ನಂತರ ಸಂದಿಗಳನ್ನು ಒತ್ತಿ ಒರೆಸಿ, ಸಡಿಲ ಹತ್ತಿಯ ಒಳಉಡುಪು ಧರಿಸಿ. ಮಳೆಗಾಲದಲ್ಲಿ ಅರೆಒಣಗಿದ್ದನ್ನು ತೊಡಲೇಬೇಡಿ. ಪದೇ ಪದೇ ಮರುಕಳಿಸಿದರೆ ರಕ್ತದ ಸಕ್ಕರೆ ನೋಡಿಸಿ.