ವೀಣೆ ಕಲಿತ ಕೈಗೆ ಬ್ಲೂಸ್ ಗಿಟಾರ್

ಪ್ರಶ್ನೆ: ವೀಣೆಯಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿದ್ದೇನೆ. ಈಚೆಗೆ ಅಕೌಸ್ಟಿಕ್ ಗಿಟಾರ್ ಹಿಡಿದು ಸಿನಿಮಾ ಹಾಡುಗಳಿಗೆ ಕಾರ್ಡ್ ನುಡಿಸುತ್ತೇನೆ. ಈಗ ಬ್ಲೂಸ್ ಕಲಿಯುವ ಆಸೆ. ಅದರ ಸ್ಕೇಲ್ ನೋಡಿದರೆ ನಮ್ಮ ಶುದ್ಧ ಧನ್ಯಾಸಿಯೇ. ಆದರೂ ನಾನು ನುಡಿಸಿದರೆ ರಾಗಾಲಾಪನೆಯಂತೆ ಕೇಳುತ್ತದೆಯೇ ಹೊರತು ಬ್ಲೂಸ್ ಅನ್ನಿಸುವುದಿಲ್ಲ. ಎಲ್ಲಿ ತಪ್ಪುತ್ತಿದೆ?
— ಓದುಗರೊಬ್ಬರು, ಮೈಸೂರು

ಉತ್ತರ: ಸ ಗ₂ ಮ₁ ಪ ನಿ₂. ಸ್ವರಗಳು ಅವೇ, ನಿಜ. ತಪ್ಪುತ್ತಿರುವುದು ಸ್ವರದಲ್ಲಲ್ಲ, ಅದರ ಕೆಳಗಿನ ನೆಲದಲ್ಲಿ. ಕಛೇರಿಯಲ್ಲಿ ತಂಬೂರಿಯ ಷಡ್ಜ ಕೊನೆಯವರೆಗೂ ಕದಲುವುದಿಲ್ಲ. ಬ್ಲೂಸ್‌ನಲ್ಲಿ ಕಾರ್ಡ್ ಬದಲಾದಾಗ ನೆಲವೇ ಸರಿಯುತ್ತದೆ. ನೀವು ಅದೇ ಸ್ವರದಲ್ಲಿ ನಿಂತಿದ್ದರೂ ಅದರ ಅರ್ಥ ಬೇರೆಯಾಗುತ್ತದೆ. ಇದು ಕಿವಿಗೆ ಹತ್ತುವವರೆಗೆ ಎಷ್ಟು ಚೆನ್ನಾಗಿ ಎಳೆದರೂ ಅದು ರಾಗವೇ.

ಆದ್ದರಿಂದ ಮೊದಲ ಮೂರು ವಾರ ಸೋಲೋ ಮುಟ್ಟಬೇಡಿ, ಶಫಲ್ (ಉದ್ದ-ಗಿಡ್ಡ ಪೆಟ್ಟುಗಳ ತೂಗುನಡೆ) ಲಯವನ್ನಷ್ಟೇ ನುಡಿಸಿ. ಎ ಶ್ರುತಿಯಲ್ಲಿ ಹನ್ನೆರಡು ಬಾರ್ ಹೀಗೆ ಬರುತ್ತವೆ: ನಾಲ್ಕು ಬಾರ್ ಎ7, ಎರಡು ಡಿ7, ಎರಡು ಎ7, ಆಮೇಲೆ ಒಂದೊಂದು ಬಾರ್ ಇ7, ಡಿ7, ಎ7, ಇ7. ಒಂದು ಬಾರ್‌ಗೆ ನಾಲ್ಕು ಎಣಿಕೆ, ಒಟ್ಟು 48. ಅಂದರೆ ಆದಿತಾಳದ ಆರು ಆವರ್ತ. ಎರಡೆರಡು ಆವರ್ತಕ್ಕೆ ಒಂದು ಸಾಲು. ಸಾಹಿತ್ಯದಲ್ಲಿಯೂ ಮೂರೇ ಸಾಲು, ಮೊದಲ ಸಾಲನ್ನೇ ಎರಡನೆಯ ಸಲ ಹಾಡಿ ಮೂರನೆಯದರಲ್ಲಿ ಮುಗಿಸುವುದು ರೂಢಿ.

ತೆಳುವಾದ ತಂತಿಯನ್ನು ಒಂದನೆಯದು ಅಂತ ಎಣಿಸಿಕೊಳ್ಳಿ. ಎ ಬಂದಾಗ ಐದನೇ ತಂತಿ ಖಾಲಿ, ಜೊತೆಗೆ ನಾಲ್ಕನೇ ತಂತಿಯ 2ನೇ ಫ್ರೆಟ್ ತೋರುಬೆರಳಲ್ಲಿ ಎರಡು ಪೆಟ್ಟು; ಹಾಗೇ 4ನೇ ಫ್ರೆಟ್ ಉಂಗುರಬೆರಳಲ್ಲಿ ಎರಡು ಪೆಟ್ಟು. ಡಿ ಬಂದಾಗ ಇದೇ ಹಿಡಿತ ಒಂದು ತಂತಿ ತೆಳುವಿನ ಕಡೆಗೆ (ನಾಲ್ಕು-ಮೂರು), ಇ ಬಂದಾಗ ದಪ್ಪದ ಕಡೆಗೆ (ಆರು-ಐದು). ಎಲ್ಲವೂ ಕೆಳಮುಖದ ಪೆಟ್ಟುಗಳೇ, ಒಂದು ಸಲಕ್ಕೆ ಎರಡೇ ತಂತಿ. ಸಿನಿಮಾ ಹಾಡಿಗೆ ಆರೂ ತಂತಿ ಬಾಚುವ ಅಭ್ಯಾಸವಿದ್ದವರಿಗೆ ಇದು ಬಡವಾಗಿ ಕೇಳುತ್ತದೆ, ಆದರೆ ಬೇಕಾಗಿರುವುದು ಇದೇ. ಉಳಿದ ತಂತಿಗಳು ಗುಂಯ್‌ಗುಡದಂತೆ ತೋರುಬೆರಳನ್ನು ಅವುಗಳ ಮೇಲೆ ಹಗುರವಾಗಿ ಮಲಗಿಸಿ.

ನಡೆ ತಿಸ್ರ. ತಕಿಟ ಅಂದುಕೊಂಡು ‘ಕಿ’ಯನ್ನು ನುಂಗಿ, ‘ತ’ ಮತ್ತು ‘ಟ’ ಮಾತ್ರ ನುಡಿಸಿ. ವೀಣೆಯವರಿಗೆ ಇದು ಒಂದೇ ದಿನದ ಕೆಲಸ. ಕಷ್ಟ ಬರುವುದು ಒತ್ತಿನಲ್ಲಿ. ನಿಮ್ಮ ಮೈ ಸಮದ ಮೇಲೆ ಭಾರ ಹಾಕುತ್ತದೆ, ಇಲ್ಲಿ ಡ್ರಮ್ಮಿನ ಪೆಟ್ಟು ಬೀಳುವುದು ಎರಡು ಮತ್ತು ನಾಲ್ಕರ ಮೇಲೆ. ಮೆಟ್ರೊನೋಮನ್ನು 40ಕ್ಕೆ ಇಟ್ಟು, ಅದರ ಪ್ರತಿ ಟಿಕ್ಕನ್ನೂ ‘ಎರಡು’, ‘ನಾಲ್ಕು’ ಅಂತ ಎಣಿಸಿಕೊಳ್ಳಿ; ಹಾಡು 80ರ ವೇಗದಲ್ಲಿ ಸಾಗುತ್ತದೆ. ಮೊದಮೊದಲು ಎರಡು ಆವರ್ತದೊಳಗೆ ಟಿಕ್ ತಿರುಗಿ ಒಂದರ ಮೇಲೆ ಬಂದು ಕೂರುತ್ತದೆ. ಹಾಗಾದಾಗ ನಿಲ್ಲಿಸಿ, ಮತ್ತೆ ಶುರುಮಾಡಿ. ಬ್ಲೂಸ್ ಗಾಯಕ, ಗಿಟಾರ್ ವಾದಕ ಜಿಮ್ಮಿ ರೀಡ್ ಅವರ ಧ್ವನಿಮುದ್ರಣಗಳಲ್ಲಿ ಈ ಶಫಲ್ ಯಾವ ಅಲಂಕಾರವೂ ಇಲ್ಲದೆ ಕೇಳಸಿಗುತ್ತದೆ.

ಇನ್ನು ಸರಿಯುವ ನೆಲದ ವಿಷಯ. ಎ7ಗೆ ನಾಲ್ಕನೇ ತಂತಿಯ 5 ಮತ್ತು ಮೂರನೇ ತಂತಿಯ 6ನೇ ಫ್ರೆಟ್ ಒಟ್ಟಿಗೆ ಹಿಡಿಯಿರಿ. ಡಿ7 ಬಂದಾಗ ಎರಡೂ ಬೆರಳು ಒಂದು ಫ್ರೆಟ್ ಹಿಂದೆ, ಇ7 ಬಂದಾಗ ಮೊದಲಿನ ಜಾಗದಿಂದ ಒಂದು ಫ್ರೆಟ್ ಮುಂದೆ. ಆಯಾ ಕಾರ್ಡಿನ ಗಾಂಧಾರ, ನಿಷಾದ ಇವೇ. ಬರೀ ಈ ಎರಡು ಸ್ವರ ನುಡಿಸಿದರೂ ಇಡೀ ಹನ್ನೆರಡು ಬಾರ್ ಕಿವಿಗೆ ಕಾಣುತ್ತದೆ. ದಿನಕ್ಕೆ ಹತ್ತು ನಿಮಿಷ ಇದನ್ನೇ ಮಾಡಿ. ಎ7ರಲ್ಲಿ ಮೇಲಿದ್ದ ಅಂತರ ಗಾಂಧಾರ ಡಿ7 ಬಂದ ಕೂಡಲೇ ಸಾಧಾರಣ ಗಾಂಧಾರಕ್ಕೆ ಇಳಿದದ್ದನ್ನು ಗಮನಿಸಿ. ಸೋಲೋದ ಗುಟ್ಟು ಅಲ್ಲಿದೆ: ಎ7 ನಡೆಯುವಾಗ ಸಾಧಾರಣ ಗಾಂಧಾರವನ್ನು ಒಂದಿಷ್ಟು ಮೇಲಕ್ಕೆ ತಳ್ಳಿ ಎರಡು ಗಾಂಧಾರಗಳ ನಡುವೆ ನಿಲ್ಲಿಸಬೇಕು, ಡಿ7ರಲ್ಲಿ ತಳ್ಳದೆ ನೇರ ಬಿಡಬೇಕು, ಏಕೆಂದರೆ ಆಗ ಅದು ಆ ಕಾರ್ಡಿನ ನಿಷಾದ. ನೀವು ಎರಡೂ ಕಡೆ ಒಂದೇ ಗಮಕ ಹಾಕುತ್ತಿರಬಹುದು.

ಗಮಕದ ಬಗ್ಗೆ ಇನ್ನೊಂದು ಮಾತು. ಶುದ್ಧ ಧನ್ಯಾಸಿಯ ರೂಢಿಯಿಂದ ಗ, ನಿ ಬಂದಲ್ಲೆಲ್ಲ ಕಂಪಿತ ತಾನಾಗಿ ಬರುತ್ತದೆ. ಬ್ಲೂಸ್‌ನಲ್ಲಿ ಹೆಚ್ಚಿನ ಸ್ವರಗಳು ನೇರ. ವೈಬ್ರಾಟೊ ಸಾಮಾನ್ಯವಾಗಿ ಸಾಲಿನ ಕೊನೆಯ ಸ್ವರಕ್ಕೆ. ಅದೂ ಸ್ವರದಿಂದ ಮೇಲಕ್ಕೆ ಹೋಗಿ ಪ್ರತಿ ಸಲವೂ ಮೂಲ ಸ್ವರಕ್ಕೇ ಮರಳುವ ಸಮ ಅಲೆ. ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಬೆರಳನ್ನು ಗೂಟದಂತೆ ಊರಿ ಮಣಿಕಟ್ಟನ್ನು ತಿರುವುತ್ತಿದ್ದರು. ಬಂಧು ಬುಕ್ಕಾ ವೈಟ್ ಅವರ ಸ್ಲೈಡಿನ (ತಂತಿಯ ಮೇಲೆ ಜಾರಿಸುವ ಕೊಳವೆ) ನಾದವನ್ನು ಬರಿ ಬೆರಳಲ್ಲಿ ತರಲು ಹೋಗಿ ಹುಟ್ಟಿದ್ದು ಅದು ಎಂದು ಅವರೇ ಹೇಳಿದ್ದುಂಟು. 1964ರಲ್ಲಿ ಷಿಕಾಗೋದ ರೀಗಲ್ ಥಿಯೇಟರಿನಲ್ಲಿ ಮುದ್ರಿಸಿಕೊಂಡ ಅವರ ಕಛೇರಿ ಕೇಳಿ. ಕಿಂಗ್ ಎಷ್ಟು ನುಡಿಸುತ್ತಾರೆ ಅನ್ನುವುದಕ್ಕಿಂತ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅನ್ನುವುದನ್ನು ಎಣಿಸಿ. ಎರಡು ಬಾರ್ ನುಡಿಸಿ ಎರಡು ಬಾರ್ ಬಿಡುವುದನ್ನು ನೀವೂ ನಿಯಮ ಮಾಡಿಕೊಳ್ಳಿ. ಬಿಟ್ಟ ಜಾಗಕ್ಕೆ ಎರಡನೇ ಕಾಲದ ಸ್ವರ ತುಂಬುವ ಚಪಲ ಬರುತ್ತದೆ, ತಡೆಯಿರಿ.

ವೀಣೆಯ ತಂತಿಯಂತೆ ಮೂರು-ನಾಲ್ಕು ಸ್ವರ ದೂರ ಗಿಟಾರ್ ತಂತಿ ಬರುವುದಿಲ್ಲ. ಅಕೌಸ್ಟಿಕ್ ಸೆಟ್‌ಗಳಲ್ಲಿ ಮೂರನೇ ತಂತಿಗೆ ಸಾಮಾನ್ಯವಾಗಿ ಸುತ್ತು ಇರುತ್ತದೆ. ಅದನ್ನು ಒಂದು ಪೂರ್ಣ ಸ್ವರ ಎಳೆಯಲು ಹೊರಟರೆ ಬೆರಳು ಸೋಲುತ್ತದೆ. ಆಗುವುದಾದರೆ 0.009 ಅಥವಾ 0.010 ಇಂಚಿನಿಂದ ಶುರುವಾಗುವ ಸೆಟ್ ಹಾಕಿದ ಎಲೆಕ್ಟ್ರಿಕ್ ಗಿಟಾರ್ ತೆಗೆದುಕೊಳ್ಳಿ. ಉಂಗುರಬೆರಳಲ್ಲಿ ಮೂರನೇ ತಂತಿಯ 7ನೇ ಫ್ರೆಟ್ ಒತ್ತಿ, ಹಿಂದೆ ನಡುಬೆರಳು, ತೋರುಬೆರಳು ಆಸರೆ ಕೊಟ್ಟು, ಹೆಬ್ಬೆರಳನ್ನು ಕತ್ತಿನ ಮೇಲಿಂದ ಬಳಸಿ, ದಪ್ಪ ತಂತಿಗಳ ಕಡೆಗೆ ತಳ್ಳಿ. ಗುರಿಯ ಸ್ವರ ಎರಡನೇ ತಂತಿಯ 5ನೇ ಫ್ರೆಟ್‌ನಲ್ಲಿದೆ: ಮೊದಲು ಅದನ್ನು ಮೀಟಿ ಕೇಳಿ, ಆಮೇಲೆ ತಳ್ಳಿ. ಹೊಸಬರ ಬೆಂಡ್ (ಹೀಗೆ ತಂತಿ ತಳ್ಳಿ ಸ್ವರ ಏರಿಸುವುದು) ಸಾಮಾನ್ಯವಾಗಿ ಶ್ರುತಿಗಿಂತ ಕೆಳಗೇ ನಿಲ್ಲುತ್ತದೆ. ನಿಮಗೆ ಕಿವಿ ಹೇಳುತ್ತದೆ, ಬೆರಳಿಗೆ ಶಕ್ತಿ ಬರಬೇಕು ಅಷ್ಟೆ. ಅಕೌಸ್ಟಿಕ್ಕೇ ಸಾಕು ಅನ್ನುವುದಾದರೆ ಪೂರ್ಣ ಬೆಂಡ್ ಬಿಟ್ಟು ಗಾಂಧಾರವನ್ನು ತುಸು ತಳ್ಳುವುದರಲ್ಲೇ ಕೆಲಸ ಸಾಗಿಸಿ. ಗೋಟುವಾದ್ಯ ಕೇಳಿದವರಿಗೆ ಸ್ಲೈಡ್ ಹತ್ತಿರವೇ. ಅದನ್ನು ಮುಂದಿನ ವರ್ಷಕ್ಕಿಡಿ.

ಪ್ರಶ್ನೆ: ನಾನು ಮೆಟಲ್ ನುಡಿಸುವವನು. ಬ್ಲೂಸ್‌ಗೆ ಡಿಸ್ಟಾರ್ಷನ್ ಇಳಿಸಿದರೆ ನನ್ನ ಗಿಟಾರ್ ಒಣಗಿದಂತೆ ಕೇಳುತ್ತದೆ. ಆಂಪ್ ಬದಲಿಸಬೇಕೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಡ. ಹೆಚ್ಚಿನ ಗೇನ್ (ಆಂಪ್ ನಾದವನ್ನು ಹಿಗ್ಗಿಸಿ ಒಡೆಯುವ ಮಟ್ಟ) ಜೋರು ಪೆಟ್ಟನ್ನೂ ಮೆಲು ಪೆಟ್ಟನ್ನೂ ಒಂದೇ ಎತ್ತರಕ್ಕೆ ತಂದು, ಸ್ವರವನ್ನು ತಾನೇ ಎಳೆದು ನಿಲ್ಲಿಸುತ್ತಿತ್ತು. ಈಗ ಆ ಕೆಲಸ ಕೈಯದು. ಮೆಲ್ಲಗೆ ಮೀಟಿದರೆ ಶುಭ್ರವಾಗಿಯೂ ಬಲವಾಗಿ ಮೀಟಿದರೆ ಒಡೆದಂತೆಯೂ ಕೇಳುವ ಮಟ್ಟಕ್ಕೆ ಗೇನ್ ಇಡಿ. ಬಹಳಷ್ಟು ಆಂಪ್‌ಗಳಲ್ಲಿ ಅದು 10ರಲ್ಲಿ 3 ಅಥವಾ 4ರ ಆಸುಪಾಸು. ಮೆಟಲ್‌ಗೆಂದು ಇಳಿಸಿದ್ದ ಮಿಡ್ಲನ್ನು 6-7ಕ್ಕೆ ಏರಿಸಿ, ಬಾಸ್ ತಗ್ಗಿಸಿ. ನಾಯ್ಸ್ ಗೇಟ್ ಆರಿಸಿಬಿಡಿ, ಅದು ಸ್ವರದ ಬಾಲವನ್ನು ಕತ್ತರಿಸುತ್ತದೆ. ಲಯಕ್ಕೆ ಗಿಟಾರಿನ ವಾಲ್ಯೂಮ್ 6ರಲ್ಲಿ, ಸೋಲೋಗೆ 10ರಲ್ಲಿ. ಕೆಳಗಿಳಿಸಿದ ಶ್ರುತಿಯಿಂದ ಸ್ಟ್ಯಾಂಡರ್ಡ್ ಟ್ಯೂನಿಂಗ್‌ಗೆ ಬನ್ನಿ, ಆದರೆ ಆ ದಪ್ಪ ಸೆಟ್ಟನ್ನೇ ಬಿಗಿದರೆ ಬೆಂಡ್ ಆಗುವುದಿಲ್ಲ, ತಂತಿಯನ್ನೂ ಬದಲಿಸಿ. ಹ್ಯಾಮರ್-ಆನ್‌ಗಳು (ಮೀಟದೆ ಎಡಗೈ ಬೆರಳು ಬಡಿದು ಹೊರಡಿಸುವ ಸ್ವರಗಳು) ಈಗ ಮಂಕಾಗಿ ಕೇಳುತ್ತವೆ. ಕೆಲವು ಕಾಲ ಪ್ರತಿ ಸ್ವರವನ್ನೂ ಪಿಕ್‌ನಿಂದಲೇ ಮೀಟಿ, ಒಂದೇ ಸ್ವರವನ್ನು ಐದು ಮಟ್ಟದ ಬಲದಲ್ಲಿ ನುಡಿಸುವ ಅಭ್ಯಾಸ ಮಾಡಿ.

ಪ್ರಶ್ನೆ: ಕ್ಲಾಸಿಕಲ್ ಗಿಟಾರ್ ಗ್ರೇಡ್ ಪರೀಕ್ಷೆಗಳನ್ನು ಮಾಡಿದ್ದೇನೆ. ಬೆರಳಲ್ಲಿ ಬ್ಲೂಸ್ ನುಡಿಸಲು ಏನು ಬದಲಿಸಬೇಕು?
— ಓದುಗರೊಬ್ಬರು, ಮಂಗಳೂರು

ಉತ್ತರ: ಬಲಗೈ ಹೆಬ್ಬೆರಳು. ಕ್ಲಾಸಿಕಲ್‌ನಲ್ಲಿ ಅದು ಬಾಸ್ ಸ್ವರಗಳನ್ನು ಹಾಡಿಸುತ್ತದೆ, ಇಲ್ಲಿ ತಾಳ ಹಾಕುತ್ತದೆ. ಇ ಶ್ರುತಿಯಲ್ಲಿ ಖಾಲಿ ಆರನೇ ತಂತಿಯನ್ನು ನಾಲ್ಕೂ ಎಣಿಕೆಗೆ ಒಂದೇ ಸಮ ಮೀಟುತ್ತಿರಿ. ಅಂಗೈಯ ಅಂಚು ಬ್ರಿಜ್ ಹತ್ತಿರ ತಂತಿಗೆ ತಾಗಿದ್ದು ನಾದ ಚಿಕ್ಕದಾಗಿ, ಗುದ್ದಿದಂತೆ ಇರಬೇಕು. ಎ7ಗೆ ಖಾಲಿ ಐದನೇ ತಂತಿ, ಬಿ7ಗೆ ಅದರ 2ನೇ ಫ್ರೆಟ್. ಹೆಬ್ಬೆರಳು ಮಾತಾಡುವಾಗಲೂ ತಪ್ಪದಷ್ಟು ಪಳಗಿದ ಮೇಲೆ ಮೊದಲ ತಂತಿಯ 3ನೇ ಫ್ರೆಟ್ ತುಸು ತಳ್ಳಿ ರಾಗ ಸೇರಿಸಿ. ಟೆಕ್ಸಸ್‌ನ ಲೈಟ್ನಿನ್ ಹಾಪ್ಕಿನ್ಸ್ ಅವರ ಏಕವ್ಯಕ್ತಿ ಮುದ್ರಣಗಳು ಇದಕ್ಕೆ ಒಳ್ಳೆಯ ಮಾದರಿ. ನೈಲಾನ್ ತಂತಿಗೆಂದು ಬೆಳೆಸಿದ ಉಗುರು ಉಕ್ಕಿನ ತಂತಿಯ ಮೇಲೆ ಬೇಗ ಸವೆದು ಸೀಳುತ್ತದೆ. ಚಿಕ್ಕದಾಗಿ ಕತ್ತರಿಸಿ, ಬೆರಳ ತುದಿಯ ಮಾಂಸದಿಂದಲೇ ಮೀಟಿ.